ಹೆಸರು ಉಳಿದರೆ ಸಾಲದು

ಕೊಂಕಣ ರೈಲ್ವೆ ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸಬೇಕೆಂಬ ಪ್ರಶ್ನೆಯು ಬಹುಕಾಲದ ಚರ್ಚೆಯ ಅನಂತರ ನಿರ್ಣಾಯಕ ಹಂತವನ್ನು ಮುಟ್ಟಿದುದು 2025ರಲ್ಲಿ. ನಿಗಮದಲ್ಲಿ ಪಾಲುದಾರರಾದ ಕರ್ನಾಟಕ, ಗೋವಾ, ಕೇರಳ ಸರಕಾರಗಳು ಮೊದಲೇ ಸಮ್ಮತಿಯನ್ನು ಸೂಚಿಸಿದ್ದವು. ಆ ವರ್ಷದ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರವೂ ಒಪ್ಪಿಗೆಯನ್ನಿತ್ತಿತು. ವಿಲೀನದ ಬಳಿಕವೂ ಈ ಮಾರ್ಗಕ್ಕೆ ಕೊಂಕಣ ರೈಲ್ವೆ ಎಂಬ ಹೆಸರೇ ಇರತಕ್ಕದ್ದು ಎಂಬುದು ಮಹಾರಾಷ್ಟ್ರವು ಒಡ್ಡಿದ ನಿಬಂಧನೆಗಳಲ್ಲಿ ಒಂದು. ಹೆಸರಿನ ಮೇಲಣ ಈ ಅಭಿಮಾನವನ್ನು ನಾವು ಬಲ್ಲೆವು, ಅದರಲ್ಲಿ ನಾವೂ ಪಾಲುಗಾರರು. ಆದರೆ ಹೆಸರು ಉಳಿದು ನಡೆ ಅಳಿದರೆ ಫಲವೇನು ಎಂಬ ಪ್ರಶ್ನೆಯನ್ನು ಕೇಳುವವರು ವಿರಳರಾಗಿದ್ದಾರೆ. ಅದನ್ನು ಕೇಳುವುದೇ ಈ ಲೇಖನದ ಉದ್ದೇಶ.

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ದೂರದಲ್ಲೆಲ್ಲೋ ನಡೆಯುವ ಆಡಳಿತದ ಮಾತಲ್ಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಸೀಮೆಗಳಿಂದ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ನಮ್ಮ ಹಿರಿಯರು ಊರಿಗೆ ಹೋಗಿಬರಲು ಪಟ್ಟ ಪಾಡನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಒಂದು ಕಾಲಕ್ಕೆ ಹಡಗು; ಆಮೇಲೆ ರಾತ್ರಿ ಹಗಲೆನ್ನದೆ ತಿರುವುಗಳಲ್ಲಿ ಕುಲುಕುವ ಬಸ್ಸು; ರೈಲೇ ಬೇಕೆಂದರೆ ಗುಂತಕಲ್ಲು, ಜೋಲಾರಪೇಟೆ, ಷೊರನೂರುಗಳನ್ನು ಸುತ್ತಿ, ಮಂಗಳೂರನ್ನು ತೆಂಕಣ ದಿಕ್ಕಿನಿಂದ ಸೇರುವ ಪ್ರದಕ್ಷಿಣೆ. ತಾಯಿಯ ಕಾಯಿಲೆ ಉಲ್ಬಣಿಸಿತೆಂದು ತಂತಿ ಬಂದರೆ, ಮಗನು ಮನೆಯ ಮೆಟ್ಟಿಲು ತುಳಿಯುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿರುತ್ತಿದ್ದ ಪ್ರಸಂಗಗಳು ಎಷ್ಟೋ ಮನೆಗಳಲ್ಲಿವೆ. ಕೊಂಕಣ ರೈಲ್ವೆಯು ಆ ದೂರವನ್ನು ಒಂದು ರಾತ್ರಿಯ ಪಯಣಕ್ಕೆ ಇಳಿಸಿತು. ಅದಕ್ಕೆ ಏನಾದರೂ ಆಗುವುದೆಂದರೆ ನಮ್ಮ ಮನೆಯ ದಾರಿಗೆ ಆಗುವುದೆಂದೇ ಅರ್ಥ.

ಸರಕಾರಿ ಸಂಸ್ಥೆಯೊಂದನ್ನು ಮಾರ್ಪಡಿಸುವುದೆಂದರೆ ಏನು? ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಒಂದು ಆಜ್ಞಾಪತ್ರ ಹೊರಡುತ್ತದೆ. ಇಲಾಖೆಗೆ ಹೊಸ ಹೆಸರು, ಬಾಗಿಲಿಗೆ ಹೊಸ ಫಲಕ, ಅಧಿಕಾರಿಗಳಿಗೆ ಹೊಸ ಹುದ್ದೆಗಳು ಬರುತ್ತವೆ. ಹೊಸ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನೆಂಬಂತೆ ಮೊದಲ ಕೆಲವು ತಿಂಗಳು ಗಡಿಬಿಡಿ ನಡೆಯುತ್ತದೆ. ಅನಂತರ ಕಡತವು ತನ್ನ ಹಳೆಯ ಮೇಜಿನ ಮೇಲೆ ಹಳೆಯ ನಿದ್ರೆಗೆ ತೆರಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಸಂಸ್ಥೆಯು ನಿಜವಾಗಿ ಬದಲಾಗುವುದು ಒಂದೇ ಒಂದು ಸಂದರ್ಭದಲ್ಲಿ: ಕೆಲಸವನ್ನು ಕಣ್ಣಾರೆ ಕಾಣುವವನ ಕೈಗೆ ತೀರ್ಮಾನದ ಅಧಿಕಾರವು ಬಂದಾಗ, ಮತ್ತು ಆ ಅಧಿಕಾರದೊಡನೆ ಉತ್ತರ ಹೇಳುವ ಹೊಣೆಯೂ ಅವನ ಹೆಗಲಿಗೆ ಬಿದ್ದಾಗ. ಮಿಕ್ಕುದೆಲ್ಲವೂ ಸುಣ್ಣ ಬಣ್ಣದ ಕೆಲಸ. ಈ ಮಾತಿಗೆ ಕೊಂಕಣ ರೈಲ್ವೆಯ ಹುಟ್ಟಿಗಿಂತ ಉತ್ತಮವಾದ ನಿದರ್ಶನವು ನಮಗೆ ತೋರದು.

1990ರಲ್ಲಿ ವಿಶ್ವನಾಥ ಪ್ರತಾಪ ಸಿಂಗರ ಮಂತ್ರಿಮಂಡಲದಲ್ಲಿ ರೈಲ್ವೆ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕರ ನಾಯಕರಾಗಿ ಬೆಳೆದ ಜಾರ್ಜ್ ಫೆರ್ನಾಂಡಿಸರು. ಅರ್ಥ ಸಚಿವರಾಗಿದ್ದವರು ಕೊಂಕಣದ ರಾಜಾಪುರ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದ ಮಧು ದಂಡವತೆಯವರು. ದಶಕಗಳಿಂದ ಬರಿಯ ಬೇಡಿಕೆಯಾಗಿ ಉಳಿದಿದ್ದ ಕರಾವಳಿಯ ಮಾರ್ಗಕ್ಕೆ ಸಾಮಾನ್ಯ ರೈಲ್ವೆ ಆಯವ್ಯಯದಿಂದ ವರ್ಷವರ್ಷವೂ ಚಿಟಿಕೆ ಚಿಟಿಕೆಯಾಗಿ ಹಣ ನೀಡುತ್ತ ಹೋದರೆ ಅದು ಮೊಮ್ಮಕ್ಕಳ ಕಾಲಕ್ಕೂ ಮುಗಿಯಲಾರದೆಂಬುದನ್ನು ಅವರಿಬ್ಬರೂ ಕಂಡುಕೊಂಡರು. ಆದುದರಿಂದ 1990ರ ಜುಲೈ 19ರಂದು ಪ್ರತ್ಯೇಕ ನಿಗಮವೊಂದು ಅಸ್ತಿತ್ವಕ್ಕೆ ಬಂತು. ಅದರ ಬಂಡವಾಳದಲ್ಲಿ ರೈಲ್ವೆಗೆ ನೂರಕ್ಕೆ 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಗಳಿಗೆ ತಲಾ 6 ಪಾಲುಗಳು ದೊರೆತವು. ಮಿಕ್ಕ ಹಣವನ್ನು ಸಾಲಪತ್ರಗಳ ಮೂಲಕ ಸಾರ್ವಜನಿಕರಿಂದ ಎತ್ತಲಾಯಿತು. ರೈಲ್ವೆ ಮಂಡಳಿಯ ಸದಸ್ಯತ್ವದಿಂದ ಆಗ ತಾನೇ ನಿವೃತ್ತರಾಗಿದ್ದ ಇ. ಶ್ರೀಧರನ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಲಾಯಿತು.

ವಾಚಕರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಶ್ರೀಧರನ್ ಅವರು ಹೊರದೇಶದಿಂದ ತಜ್ಞರ ದಂಡನ್ನು ಕರೆತರಲಿಲ್ಲ. ಅವರೊಡನೆ ದುಡಿದ ಹಿರಿಯ ಎಂಜಿನಿಯರರಲ್ಲಿ ಬಹುಪಾಲು ಜನರು ಅದೇ ಭಾರತೀಯ ರೈಲ್ವೆಯಿಂದ ನಿಯೋಜನೆಯ ಮೇಲೆ ಬಂದವರು. ಅವರು ಕಲಿತ ವಿದ್ಯೆ ಅದೇ, ಬೆಳೆದ ಇಲಾಖೆಯೂ ಅದೇ. ಮನುಷ್ಯರು ಹಳಬರು, ಕ್ರಮ ಮಾತ್ರ ಹೊಸದು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ ಸುಮಾರು 740 ಕಿಲೋಮೀಟರುಗಳ ಮಾರ್ಗವನ್ನು ಏಳು ವಿಭಾಗಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬೊಬ್ಬ ಮುಖ್ಯ ಎಂಜಿನಿಯರರನ್ನು ನೇಮಿಸಿದರು. ಕಾರವಾರ ಮತ್ತು ಉಡುಪಿಗಳು ಆ ಏಳರಲ್ಲಿ ಎರಡು. ಆ ನೂರು ಕಿಲೋಮೀಟರುಗಳಲ್ಲಿ ಏನು ನಡೆದರೂ ಅದಕ್ಕೆ ಅವರೇ ಯಜಮಾನರು, ಅವರೇ ಉತ್ತರವಾದಿಗಳು. ಟೆಂಡರು, ಭೂಮಿ, ಖರ್ಚುಗಳ ವಿಷಯದಲ್ಲಿ ಸ್ಥಳದಲ್ಲಿಯೇ ನಿರ್ಣಯಿಸುವ ಅಧಿಕಾರವನ್ನು ಅವರಿಗೆ ಕೊಡಲಾಯಿತು. ಗುತ್ತಿಗೆದಾರರ ಬಿಲ್ಲುಗಳು ತಿಂಗಳುಗಟ್ಟಲೆ ಕೊಳೆಯದೆ ಬೇಗನೆ ಸಂದಾಯವಾಗತೊಡಗಿದವು. ಕೆಲಸ ಮುಗಿಸಲು ಇನ್ನೆಷ್ಟು ದಿನಗಳಿವೆಯೆಂದು ಹಿಂದುಮುಂದಾಗಿ ಎಣಿಸುವ ಗಡಿಯಾರಗಳನ್ನು ಕಚೇರಿಗಳಲ್ಲಿ ತೂಗುಹಾಕಲಾಯಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಾಣ್ನುಡಿಯು ಸರಕಾರಿ ಕಚೇರಿಗಳಿಗೆಂದೇ ಹುಟ್ಟಿದೆಯೋ ಎಂಬ ಅನುಮಾನ ನಮಗೆ ಎಷ್ಟೋ ಸಲ ಬಂದಿದೆ. ಮೇಲಿನವರು ಒಪ್ಪಿದರೂ ನಡುವಿನ ಮೇಜುಗಳಲ್ಲಿ ಕೆಲಸ ಕೆಡುತ್ತದೆ. ಈ ನಿಗಮದಲ್ಲಿ ನಡುವಿನ ಮೇಜುಗಳನ್ನೇ ಕಡಿಮೆ ಮಾಡಲಾಯಿತು. ದೇವರಿಗೂ ಭಕ್ತನಿಗೂ ನಡುವಣ ಅಂತರವನ್ನು ತಗ್ಗಿಸಿದ್ದೇ ಅದರ ಗುಟ್ಟು. ಇದರಲ್ಲಿ ಪವಾಡವೇನೂ ಇಲ್ಲ. ಆದರೆ ತನ್ನ ಅಧಿಕಾರವನ್ನು ಕೆಳಗಿನವರಿಗೆ ಹಂಚಿಕೊಡಲು ಮೇಲಿರುವವನಿಗೆ ಧೈರ್ಯ ಬೇಕು; ಕೆಳಗಿನವನು ತಪ್ಪಿದಾಗ ಅವನ ಬೆನ್ನಿಗೆ ನಿಲ್ಲಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ನಾಯಕತ್ವವೆಂದರೆ ಇಷ್ಟೆ.

ಕೆಲಸವಾದರೂ ಎಂಥದು? 91 ಸುರಂಗಗಳು, ದೊಡ್ಡವು ಸಣ್ಣವು ಸೇರಿ ಎರಡು ಸಾವಿರದಷ್ಟು ಸೇತುವೆಗಳು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಮೀರಿದ ಸೇತುವೆ. ರತ್ನಾಗಿರಿಯ ಬಳಿ ಪಾನವಲ್ ನದಿಯ ಮೇಲೆ 64 ಮೀಟರು ಎತ್ತರದ ಕಂಬಗಳು. ಕರಬುಡೆಯಲ್ಲಿ ಆರೂವರೆ ಕಿಲೋಮೀಟರುಗಳ ಸುರಂಗ. ನಲವತ್ತು ಸಾವಿರಕ್ಕೂ ಮಿಕ್ಕ ಒಡೆಯರಿಂದ ನೆಲವನ್ನು ಪಡೆಯಬೇಕಾಗಿತ್ತು. ತೆಂಗು, ಅಡಕೆ, ಮಾವು, ಗೋಡಂಬಿಯ ತೋಟವನ್ನು ಬಿಟ್ಟುಕೊಡುವುದು ಕರಾವಳಿಯ ರೈತನಿಗೆ ಕರುಳನ್ನು ಕಿತ್ತುಕೊಟ್ಟಂತೆ. ಆ ಮನೆಗಳಿಗೆ ಅಧಿಕಾರಿಗಳು ತಾವೇ ನಡೆದುಹೋಗಿ ಮಾತಾಡಿದರು. ನೆಲ ಕಳೆದುಕೊಂಡ ಕುಟುಂಬಗಳಿಗೆ ನಿಗಮದ ನೌಕರಿಯಲ್ಲಿ ಆದ್ಯತೆಯಿತ್ತರು. ಗೋವೆಯಲ್ಲಿ ಮಾರ್ಗದ ಆಯ್ಕೆಯನ್ನು ವಿರೋಧಿಸಿ ತೀವ್ರವಾದ ಚಳವಳಿಯೇ ನಡೆಯಿತು. 1993ರಲ್ಲಿ ಅಲ್ಲಿನ ಕೆಲಸವು ಕೆಲವು ತಿಂಗಳು ನಿಂತು, ವಿಚಾರಣಾ ಆಯೋಗವೂ ನೇಮಕವಾಯಿತು. ಅದೇ ವರ್ಷ ಮಂಗಳೂರು ಉಡುಪಿಗಳ ನಡುವೆ ಮೊದಲ ರೈಲು ಓಡಿತು. ಇಡೀ ಮಾರ್ಗವು 1998ರ ಜನವರಿ 26ರಂದು ತೆರೆಯಿತು.

ಹೊಗಳಿಕೆಯಲ್ಲಿ ನಾವು ಎಚ್ಚರ ತಪ್ಪಬಾರದು. ಐದು ವರ್ಷಗಳಲ್ಲಿ ಮುಗಿಸುವೆವೆಂದು ಹೊರಟ ಕೆಲಸವು ಏಳು ವರ್ಷಗಳನ್ನು ಮೀರಿತು. ಗೋವೆಯ ಪೆರ್ನೇಮಿನಲ್ಲಿ ಕೆಸರಿನಂತೆ ಜಾರುವ ಮಣ್ಣಿನ ಸುರಂಗವು ಎಲ್ಲ ಲೆಕ್ಕಾಚಾರಗಳನ್ನೂ ತಲೆಕೆಳಗು ಮಾಡಿತು. ಈ ದಾರಿಗಾಗಿ ಹಲವು ಕಾರ್ಮಿಕರು ಪ್ರಾಣ ತೆತ್ತರು. ಅವರ ನೆನಪಿನ ಸ್ಮಾರಕವು ರತ್ನಾಗಿರಿಯಲ್ಲಿದೆ. ಅವಧಿ ತಪ್ಪಿದ್ದನ್ನು ನಾವು ಮರೆಮಾಚುವುದಿಲ್ಲ. ಆದರೆ ದಿನವನ್ನು ಗೋಡೆಯ ಮೇಲೆ ಬರೆದು ತಪ್ಪುವುದು ಬೇರೆ, ದಿನವನ್ನೇ ಹೇಳದೆ ಕಾಲ ಕಳೆಯುವುದು ಬೇರೆ. ಮೊದಲನೆಯದರಲ್ಲಿ ಜನರು ಕೇಳಬಹುದು. ಎರಡನೆಯದರಲ್ಲಿ ಕೇಳುವುದಕ್ಕೆ ಆಸ್ಪದವೇ ಇಲ್ಲ.

ಇದೆಲ್ಲವೂ ಒಬ್ಬ ಮಹಾನುಭಾವರ ವರ್ಚಸ್ಸಿನಿಂದ ಆದುದು, ಅವರಂಥವರು ಪುನಃ ಹುಟ್ಟಲಾರರು ಎಂದು ನಿಟ್ಟುಸಿರಿಡುವವರಿದ್ದಾರೆ. ಈ ನಿಟ್ಟುಸಿರು ಸೋಮಾರಿತನದ ಇನ್ನೊಂದು ಹೆಸರೆಂದು ನಾವು ಭಾವಿಸುತ್ತೇವೆ. ಶ್ರೀಧರನ್ ಅವರು ಅದೇ ಗಡಿಯಾರವನ್ನೂ ಅದೇ ಕ್ರಮವನ್ನೂ ಮುಂದೆ ದಿಲ್ಲಿ ಮೆಟ್ರೋಕ್ಕೆ ಒಯ್ದರು; 2002ರ ಡಿಸೆಂಬರಿನಲ್ಲಿ ಶಾಹದರಾದಿಂದ ತೀಸ್ ಹಜಾರಿಗೆ ಅಲ್ಲಿನ ಮೊದಲ ಗಾಡಿ ಓಡಿತು. ಬೆಟ್ಟ ಹೊಳೆಗಳ ಕೊಂಕಣದಲ್ಲಿ ಫಲಿಸಿದ್ದು ಕಿಕ್ಕಿರಿದ ರಾಜಧಾನಿಯಲ್ಲಿಯೂ ಫಲಿಸಿತು. ದಿಲ್ಲಿಯ ನಮ್ಮ ಕನ್ನಡ ಬಂಧುಗಳು ಅದನ್ನು ದಿನನಿತ್ಯ ಬಳಸುತ್ತಿದ್ದಾರೆ. ವ್ಯಕ್ತಿಯು ಹೊರಟುಹೋದ ಮೇಲೆಯೂ ಉಳಿಯುವಂತೆ ಕ್ರಮವನ್ನು ಬೇರೂರಿಸಬಹುದು ಎಂಬುದೇ ಇದರಿಂದ ನಾವು ಕಲಿಯಬೇಕಾದ ಪಾಠ.

ಬೇರೂರಿತೇ? ಕಟ್ಟುವುದಕ್ಕಿಂತ ನಡೆಸುವುದು ಕಷ್ಟ ಎಂಬುದನ್ನು ನಿಗಮವು ಬಹುಬೇಗ ಅರಿಯಿತು. 2003ರ ಜೂನಿನಲ್ಲಿ ಕಾರವಾರದಿಂದ ಮುಂಬಯಿಗೆ ಬರುತ್ತಿದ್ದ ವಿಶೇಷ ಗಾಡಿಯು ವೈಭವವಾಡಿಯ ಬಳಿ, ಮಳೆಗೆ ಜರಿದ ಬಂಡೆಮಣ್ಣಿಗೆ ತಾಗಿ ಹಳಿ ತಪ್ಪಿ, ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ವರ್ಷ ತುಂಬುವ ಮೊದಲೇ, 2004ರ ಜೂನಿನಲ್ಲಿ, ಕರಂಜಾಡಿಯ ಸಮೀಪದಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿಗೆ ಅದೇ ಗತಿಯೊದಗಿತು. ಮತ್ಸ್ಯಗಂಧವೆಂದರೆ ನಮ್ಮವರ ಗಾಡಿ; ಆ ಎರಡು ಮಳೆಗಾಲಗಳಲ್ಲಿ ಈ ನಗರದ ಎಷ್ಟು ಮನೆಗಳಲ್ಲಿ ಆತಂಕದಿಂದ ದೂರವಾಣಿಯ ಮುಂದೆ ಕುಳಿತಿದ್ದರೆಂಬುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ.

ಆ ದುರಂತಗಳ ಬಳಿಕ ಗುಡ್ಡಗಳ ಇಳಿಜಾರನ್ನು ತಗ್ಗಿಸಿ, ಬಂಡೆಗಳು ಉರುಳದಂತೆ ಬಲೆಗಳನ್ನು ಬಿಗಿದು, ಮಳೆಗಾಲಕ್ಕೆ ವೇಗ ತಗ್ಗಿಸಿದ ಬೇರೆಯೇ ವೇಳಾಪಟ್ಟಿಯನ್ನು ರೂಢಿಗೆ ತರಲಾಯಿತು. ಜಡಿಮಳೆಯ ರಾತ್ರಿಯಲ್ಲಿ ಹಳಿಯ ಗುಂಟ ನಡೆಯುವ ಗಸ್ತಿನವರನ್ನು ನಿಯಮಿಸಲಾಯಿತು. ಆ ಗಸ್ತಿನವನನ್ನು ಸ್ವಲ್ಪ ಯೋಚಿಸಿ ನೋಡಿ. ಮುಂದೆ ಗುಡ್ಡ ಜರಿದಿರುವುದನ್ನು ಕಂಡಾಗ ರೈಲನ್ನು ನಿಲ್ಲಿಸಲು ಅವನಿಗೆ ಯಾವ ಮೇಲಧಿಕಾರಿಯ ಸಹಿಯೂ ಬೇಕಿಲ್ಲ. ಕೈಯಲ್ಲಿರುವ ಕೆಂಪು ದೀಪವೇ ಸಾಕು. ಸಂಸ್ಥೆಯ ಅತಿ ಕೆಳಗಿನ ಮೆಟ್ಟಿಲಲ್ಲಿರುವವನಿಗೆ ಅತಿ ದೊಡ್ಡ ತೀರ್ಮಾನದ ಅಧಿಕಾರ! ನಾವು ಮೇಲೆ ಹೇಳಿದ ತತ್ತ್ವವು ಪುಸ್ತಕದಿಂದ ಹುಟ್ಟಿದ್ದಲ್ಲ. ಸಾವಿರ ಜನರು ನಿಶ್ಚಿಂತರಾಗಿ ನಿದ್ರಿಸುತ್ತಿರುವಾಗ ಹಳಿಯ ಮೇಲೆ ಅದು ಪ್ರತಿ ರಾತ್ರಿಯೂ ನಡೆಯುತ್ತಿರುತ್ತದೆ.

ಇಷ್ಟಾದರೂ ವಿಲೀನದ ಪಕ್ಷದಲ್ಲಿ ಬಲವಾದ ವಾದವಿದೆಯೆಂಬುದನ್ನು ನಾವು ಒಪ್ಪಲೇಬೇಕು. ಸಾಲದಿಂದ ಹುಟ್ಟಿದ ನಿಗಮವು ಬಡ್ಡಿಯ ಹೊರೆಯನ್ನು ದೀರ್ಘಕಾಲ ಹೊತ್ತಿತು. ರೈಲ್ವೆಯ ಆಯವ್ಯಯದ ಹೊರಗಿರುವ ಕಾರಣ ದೊಡ್ಡ ಕಾಮಗಾರಿಗಳಿಗೆ ಅದರ ಕೈಯಲ್ಲಿ ಹಣವಿಲ್ಲ. ಮಾರ್ಗದ ವಿದ್ಯುದೀಕರಣವು 2022ರಲ್ಲಿ ಪೂರ್ಣವಾದುದು ನಿಜ. ಆದರೆ ಹಳಿಯನ್ನು ಜೋಡಿಗೊಳಿಸುವ ಕೆಲಸವು 2021ರಲ್ಲಿ ರೋಹಾ ಮತ್ತು ವೀರ್ ನಡುವಣ ಸುಮಾರು 47 ಕಿಲೋಮೀಟರುಗಳಿಗೆ ಮುಗಿದು ಅಲ್ಲಿಗೇ ನಿಂತಿತು. ಒಂಟಿ ಹಳಿಯ ಮೇಲೆ ಒಂದು ಗಾಡಿಯು ಬರುವವರೆಗೆ ಇನ್ನೊಂದು ಕಾಯಬೇಕು. ಒಂದು ಕಡೆ ತಡೆಯುಂಟಾದರೆ ಇಡೀ ಕರಾವಳಿಯೇ ನಿಲ್ಲಬೇಕು. 2024ರ ಜುಲೈಯಲ್ಲಿ ಪೆರ್ನೇಮಿನ ಸುರಂಗದಲ್ಲಿ ನೀರು ಉಕ್ಕಿದಾಗಲೂ, ಅದೇ ತಿಂಗಳು ಖೇಡಿನ ಸಮೀಪ ಗುಡ್ಡ ಕುಸಿದಾಗಲೂ ಪ್ರಯಾಣಿಕರು ಅನುಭವಿಸಿದ್ದು ಇದನ್ನೇ. ಗಣೇಶನ ಹಬ್ಬಕ್ಕೂ ಬೇಸಗೆಯ ರಜೆಗೂ ಊರಿಗೆ ಹೋಗುವವರು ಟಿಕೆಟಿಗಾಗಿ ಪಡುವ ಬವಣೆಯ ಮೂಲವೂ ಬಹುಮಟ್ಟಿಗೆ ಇಲ್ಲಿಯೇ ಇದೆ. ನಾಲ್ಕು ರಾಜ್ಯಗಳೂ ಒಪ್ಪಿದ ಮೇಲೆ ವಿಲೀನವಾಗಬೇಕೇ ಬೇಡವೇ ಎಂಬ ಚರ್ಚೆಗೆ ಅರ್ಥವಿಲ್ಲ. ಅದು ಹೇಗೆ ಆಗಬೇಕು ಎಂಬುದೇ ಈಗಿನ ಪ್ರಶ್ನೆ.

ವಿಲೀನವೆಂಬ ಮಾತು ನಮ್ಮವರಿಗೆ ಹೊಸದಲ್ಲ. ಕರಾವಳಿಯ ಮಣ್ಣಿನಲ್ಲಿ ಹುಟ್ಟಿ ದೇಶಕ್ಕೆಲ್ಲ ಹಬ್ಬಿದ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿಯೂ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಕಾಗದದ ಮೇಲೆ ಅದು ಒಂದು ದಿನದ ಕೆಲಸ. ಗ್ರಾಹಕರಿಗೆ ಅದು ಹೊಸ ಚೆಕ್ಕು ಪುಸ್ತಕ, ಹೊಸ ಐಎಫ್‌ಎಸ್‌ಸಿ ಸಂಕೇತ, ಸಮೀಪದ ಶಾಖೆಯು ಇರುವುದೋ ಮುಚ್ಚುವುದೋ ಎಂಬ ಶಂಕೆ. ನೌಕರರಿಗೆ ಹೊಸ ಗಣಕ ವ್ಯವಸ್ಥೆ, ಜ್ಯೇಷ್ಠತೆಯ ಚಿಂತೆ, ವರ್ಗಾವಣೆಯ ಭಯ. ಆ ವಿಲೀನಗಳು ತಪ್ಪೆಂದು ನಾವು ಇಲ್ಲಿ ವಾದಿಸುತ್ತಿಲ್ಲ. ದೊಡ್ಡದರಲ್ಲಿ ಚಿಕ್ಕದು ಸೇರುವಾಗ ಲೆಕ್ಕಪತ್ರಗಳು ಮೊದಲ ದಿನವೇ ಹೊಂದಿಕೊಳ್ಳುತ್ತವೆ, ಮನುಷ್ಯರು ಹೊಂದಿಕೊಳ್ಳಲು ವರ್ಷಗಳು ಹಿಡಿಯುತ್ತವೆ. ಮತ್ತು ಚಿಕ್ಕದರಲ್ಲಿದ್ದ ಒಳ್ಳೆಯ ರೂಢಿಯು ದೊಡ್ಡದರ ಗಾತ್ರದಲ್ಲಿ ಸದ್ದಿಲ್ಲದೆ ಕರಗಿಹೋಗುತ್ತದೆ. ಈ ಅನುಭವವನ್ನು ಮರೆತು ಕೊಂಕಣ ರೈಲ್ವೆಯ ವಿಲೀನಕ್ಕೆ ಕೈಹಾಕಬಾರದೆಂಬುದೇ ನಮ್ಮ ಕೋರಿಕೆ.

ತತ್ಸಂಬಂಧವಾಗಿ ನಮ್ಮ ಸೂಚನೆಗಳು ಕೆಲವೇ. ಮೊದಲನೆಯದಾಗಿ, ಈ ಮಾರ್ಗವನ್ನು ತುಂಡು ತುಂಡಾಗಿ ಕತ್ತರಿಸಿ ಮಗ್ಗುಲಿನ ವಲಯಗಳಿಗೆ ಹಂಚಬಾರದು. ಮಂಗಳೂರಿನಲ್ಲಿ ದಕ್ಷಿಣ ರೈಲ್ವೆ, ನೈಋತ್ಯ ರೈಲ್ವೆ, ಕೊಂಕಣ ರೈಲ್ವೆ ಎಂಬ ಮೂರು ಆಡಳಿತಗಳು ಕೂಡುವುದರಿಂದ ಜನರು ಅಹವಾಲನ್ನು ಯಾರ ಮುಂದಿಡಬೇಕೆಂದು ತಿಳಿಯದೆ ಅಲೆದದ್ದನ್ನು ಕರಾವಳಿಯವರೆಲ್ಲ ಬಲ್ಲರು. ಮೂವರು ಯಜಮಾನರಿರುವ ಮನೆಯಲ್ಲಿ ಬಾಗಿಲು ಹಾಕುವವರು ಯಾರೂ ಇರುವುದಿಲ್ಲ. ರೋಹಾದಿಂದ ತೋಕೂರಿನವರೆಗೆ ಒಂದೇ ಆಡಳಿತವಿರಲಿ. ಅದರ ಕಚೇರಿಗಳು ಬೇಲಾಪುರ, ರತ್ನಾಗಿರಿ, ಕಾರವಾರಗಳಲ್ಲಿಯೇ ಇರಲಿ. ಅಲ್ಲಿ ಕುಳಿತವರಿಗೆ ಬರಿಯ ಪತ್ರ ರವಾನಿಸುವ ಕೆಲಸವನ್ನು ಕೊಡದೆ ತೀರ್ಮಾನಿಸುವ ಅಧಿಕಾರವನ್ನೇ ಕೊಡಬೇಕು.

ಎರಡನೆಯದಾಗಿ, ಮಳೆಗಾಲದ ರಕ್ಷಣಾಕ್ರಮಗಳನ್ನು ಈ ಮಾರ್ಗದ ವಿಶೇಷ ನಿಯಮಗಳೆಂದು ಬರೆದಿಟ್ಟು ಮುಂದುವರಿಸಬೇಕು. ಸಮತಟ್ಟಾದ ಬಯಲಿನಲ್ಲಿ ಹಾಸಿದ ಹಳಿಗೆ ಎಷ್ಟು ಜನ ಗಸ್ತಿನವರು ಸಾಕೋ ಅಷ್ಟೇ ಇಲ್ಲಿಯೂ ಸಾಕೆಂದು ದೂರದ ಕಚೇರಿಯಲ್ಲಿ ಯಾರೋ ಲೆಕ್ಕ ಹಾಕುವ ದಿನ ಬರಬಾರದು. ಮೂರನೆಯದಾಗಿ, ಹಳಿ ಜೋಡಿಗೊಳಿಸುವ ಕೆಲಸಕ್ಕೆ ಭಾಗ ಭಾಗವಾಗಿ ಕೊನೆಯ ದಿನಾಂಕವನ್ನು ಪ್ರಕಟಿಸಬೇಕು. ಹಣಕ್ಕಾಗಿಯೇ ವಿಲೀನವೆಂದ ಮೇಲೆ ಆ ಹಣವು ಯಾವ ವರ್ಷ ಯಾವ ತುಂಡಿಗೆ ಎಂಬುದನ್ನು ಪಾಲುಕೊಟ್ಟ ರಾಜ್ಯಗಳ ಜನರು ತಿಳಿಯಬೇಕಲ್ಲವೆ? ಹಿಂದುಮುಂದಾಗಿ ಓಡುವ ಆ ಗಡಿಯಾರವನ್ನು ಪುನಃ ಗೋಡೆಗೆ ಏರಿಸಲಿ. ಈ ಸಲ ಅದನ್ನು ಕಚೇರಿಯ ಒಳಗಲ್ಲ, ನಿಲ್ದಾಣದ ಜಗಲಿಯಲ್ಲಿ ನೇತುಹಾಕಲಿ.

ನಾಲ್ಕನೆಯದಾಗಿ, ನೌಕರರ ಮಾತು. ನೆಲ ಕೊಟ್ಟು ನೌಕರಿ ಪಡೆದ ಕುಟುಂಬಗಳವರು ಅಲ್ಲಿದ್ದಾರೆ. ಅವರ ಜ್ಯೇಷ್ಠತೆ, ಬಡ್ತಿ, ವರ್ಗಾವಣೆಗಳು ಏನಾಗುವುವು ಎಂಬುದನ್ನು ವಿಲೀನದ ಮೊದಲೇ, ಅವರ ಭಾಷೆಯಲ್ಲಿ, ಎದುರಿಗೆ ಕುಳಿತು ತಿಳಿಸಬೇಕು. ಭಯಗೊಂಡ ನೌಕರನು ನಿಯಮದ ಹಿಂದೆ ಅವಿತುಕೊಳ್ಳುತ್ತಾನೆ. ತಾನೇ ತೀರ್ಮಾನಿಸುವ ಧೈರ್ಯವನ್ನು ಅವನು ಎಂದೂ ಮಾಡಲಾರ. ಒಂದು ಕಾಲಕ್ಕೆ ಅಧಿಕಾರಿಗಳು ನೆಲದೊಡೆಯರ ಮನೆಗಳಿಗೆ ನಡೆದುಹೋದಂತೆ ಈಗ ನೌಕರರ ಬಳಿಗೂ ಹೋಗಲಿ.

ಇನ್ನು ನಮ್ಮ ಕರ್ತವ್ಯ. ಮುಂಬಯಿಯಲ್ಲಿಯೂ ಸುತ್ತಲಿನ ಉಪನಗರಗಳಲ್ಲಿಯೂ ನಮ್ಮ ಸಂಘಗಳಿಗೆ, ಜಾತಿ ಸಮಾಜಗಳಿಗೆ, ಊರ ಬಳಗಗಳಿಗೆ ಕೊರತೆಯಿಲ್ಲ. ವಾರ್ಷಿಕೋತ್ಸವಕ್ಕೆ ಸಚಿವರನ್ನು ಕರೆದು ಶಾಲು ಹೊದಿಸುವುದರಲ್ಲಿ ನಾವು ಯಾರಿಗೂ ಕಡಮೆಯವರಲ್ಲ. ಆ ಶಾಲಿನೊಡನೆ ಒಂದು ಮನವಿಪತ್ರವನ್ನೂ ಅವರ ಕೈಗಿತ್ತರೆ ಹೇಗೆ? ಮನವಿಯಲ್ಲಿ ಬರಿಯ ಹೊಸ ಗಾಡಿ ಬೇಕು, ಇಂಥ ಊರಲ್ಲಿ ನಿಲುಗಡೆ ಬೇಕು ಎಂದಿದ್ದರೆ ಸಾಲದು. ಯಾರು ಹೊಣೆ, ಯಾವ ದಿನದೊಳಗೆ ಎಂಬ ಎರಡು ಪ್ರಶ್ನೆಗಳಿರಲಿ. ನೂರು ಸಂಘಗಳು ಬೇರೆ ಬೇರೆಯಾಗಿ ನೂರು ನಿಲುಗಡೆಗಳನ್ನು ಕೇಳಿದರೆ ಸರಕಾರಕ್ಕೆ ನಿರಾಕರಿಸುವುದು ಸುಲಭ. ನೂರು ಸಂಘಗಳೂ ಒಂದೇ ಪ್ರಶ್ನೆಯನ್ನು ಕೇಳಿದರೆ ಉತ್ತರಿಸದೆ ಇರುವುದು ಕಷ್ಟ.

ಕೊಂಕಣ ರೈಲ್ವೆ ಎಂಬ ಹೆಸರು ಉಳಿಯಲಿ, ಅದು ನಮಗೆ ಪ್ರಿಯವೇ. ಆದರೆ ಜಡಿಮಳೆಯ ನಡುರಾತ್ರಿಯಲ್ಲಿ ರತ್ನಾಗಿರಿಯ ಆಚೆಗೆ ಗಾಡಿಯು ಸಾಗುತ್ತಿರುವಾಗ ನಮ್ಮ ಮಕ್ಕಳು ಮರಿಗಳನ್ನು ಕಾಯುವುದು ನಿಲ್ದಾಣದ ಮೇಲೆ ಬರೆದ ಹೆಸರಲ್ಲ, ಕೆಂಪು ದೀಪ ಹಿಡಿದು ಹಳಿಯ ಗುಂಟ ನಡೆಯುವ ಆ ಗಸ್ತಿನವ. ಅವನ ಕೈಯಲ್ಲಿ ದೀಪವೂ, ಅದನ್ನೆತ್ತುವ ಅಧಿಕಾರವೂ, ಎತ್ತಿದ ಮೇಲೆ ಬೆನ್ನಿಗೆ ನಿಲ್ಲುವ ಮೇಲಧಿಕಾರಿಯೂ ಇರುವವರೆಗೆ ಸಂಸ್ಥೆಯು ಬದುಕಿದೆ. ವಿಲೀನದ ಕರಡನ್ನು ಬರೆಯುವವರು ಅವನನ್ನು ಕಣ್ಮುಂದೆ ಇರಿಸಿಕೊಂಡು ಬರೆಯಲೆಂದು ನಾವು ಹಾರೈಸುತ್ತೇವೆ.